ಸುಕ್ತಿ, ದೀರ್ಘವಿಲ್ಲದೆ

ಬೈತಖೋಲದ ಐಸ್ ಫ್ಯಾಕ್ಟರಿ, ಮೇಲಿನ ಕೋಣೆ.
ಬೀಗದ ಕೈ ಅಪ್ಪನದು, ಹಾಗಾಗಿ ಬೇಸ್ ಗಿಟಾರು ನನ್ನದು.
ಬ್ಯಾಂಡು ಹುಟ್ಟುವುದೇ ಹೀಗೆ:
ಯಾರ ಹತ್ತಿರ ಜಾಗ ಉಂಟೋ ಅವರಿಗೊಂದು ವಾದ್ಯ.

ಕೆಳಗೆ ಕಂಪ್ರೆಸರು ಗುಂಯ್ ಎನ್ನುತ್ತಿತ್ತು ಹಗಲೂ ರಾತ್ರಿ.
ಅದು ನಿಂತರೆ ಐಸು ಕರಗುತ್ತದೆ,
ಐಸು ಕರಗಿದರೆ ಬಂಗುಡೆ ಕೊಳೆಯುತ್ತದೆ.
ಅದನ್ನು ನಿಲ್ಲಿಸಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.
ಅದರ ಶ್ರುತಿಗೇ ತಂತಿ ಬಿಗಿದುಕೊಂಡೆವು.

ಅಂಕೋಲೆ ಕಡೆಯ ಬುದ್ವಂತ
ಡ್ರಮ್ ಸೆಟ್ಟಿನ ಸುತ್ತ ಎರಡು ಸಲ ಬಂದು ಕೇಳಿದ:
ಇದಕ್ಕೆ ಉಸಿರಿನ ತೂತು ಎಲ್ಲಿ?
ಗುಮಟೆಯ ಬಾಯನ್ನು ಎಡಗೈಯಲ್ಲಿ ಮುಚ್ಚಿ ತೆಗೆದು
ಬೆಳೆದವನು ಅವನು. ಕೊನೆಯವರೆಗೂ
ಅವನ ಎಡಗೈ ಆ ತೂತನ್ನು ಹುಡುಕುತ್ತಲೇ ಇತ್ತು,
ನಮ್ಮ ತಾಳದಲ್ಲಿ ಏನೋ ಉಂಟು ಎಂದು ಜನ ಹೇಳುತ್ತಿದ್ದದ್ದು
ಅದನ್ನೇ.

ಹೆಸರು ಇಟ್ಟವನು ಎಲಿಯಾಸ್.
ಕಿಟಕಿಯ ಹೊರಗೆ ನೀರು ಹಿಂದೆ ಸರಿದಿತ್ತು,
ದೋಣಿಗಳು ಕೆಸರಿನಲ್ಲಿ ಒಂದು ಮಗ್ಗುಲಿಗೆ ಮಲಗಿದ್ದವು.
ಸುಕ್ತಿ, ಅಂದ. ಇಳಿತಕ್ಕೆ ಕೊಂಕಣಿಯ ಮಾತು.
ಕನ್ನಡದ ಹಾಡು, ಕೊಂಕಣಿಯ ಹೆಸರು.
ಕಾರವಾರದಲ್ಲಿ ಇದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಮೊದಲ ಸಂಭಾವನೆ ಕೋಡಿಬಾಗದ ಒಂದು ಮದುವೆಯಲ್ಲಿ:
ಸಾವಿರದ ಐನೂರು ರೂಪಾಯಿ, ಒಂದು ಬುಟ್ಟಿ ಇಸೋಣ.
ನಮ್ಮ ಹಾಡು ಹತ್ತು ನಿಮಿಷ ಕೇಳಿದರು,
ಆಮೇಲೆ ವರನ ಮಾವ ಬಂದು
ಕುಣಿಯುವಂಥದ್ದು ಏನಾದರೂ ಉಂಟೋ ಎಂದ.
ಇರಲಿಲ್ಲ. ಬುದ್ವಂತ ಒಬ್ಬನೇ ಬಾರಿಸಿದ, ಎಲ್ಲರೂ ಕುಣಿದರು.

ಆಮೇಲೆ ದಾಂಡೇಲಿ, ಕಾಣಕೋಣದ ಗುಡಿಸಲು ಹೋಟೆಲು,
ಹುಬ್ಬಳ್ಳಿಯ ಎರಡು ಕಾಲೇಜು.
ಮೀನಿನ ಟೆಂಪೋ, ಮೀನಿನ ವಾಸನೆಯ ಆಂಪ್ಲಿಫೈಯರು.
ಮೊದಲ ಸಾಲಿನ ಹುಡುಗಿಯರು ಮೂಗು ಮುಚ್ಚಿ
ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆಯಲಾರದೆ ಒದ್ದಾಡಿದರು.

ಬೆಂಗಳೂರಿನ ಪೋಸ್ಟರಿನಲ್ಲಿ ನಾವು ಸೂಕ್ತಿ.
ಯಾರೋ ಪುಣ್ಯಾತ್ಮ ತಪ್ಪು ತಿದ್ದಿದ್ದ.
ಒಂದು ದೀರ್ಘ ಎಳೆದರೆ ಸಾಕು,
ಕೆಸರಿನ ದೋಣಿ ಒಳ್ಳೆಯ ಮಾತಾಗುತ್ತದೆ.
ನಿರೂಪಕ ನಮ್ಮನ್ನು ಸುಭಾಷಿತ ಹಾಡುವ ತಂಡ ಎಂದು ಕರೆದ,
ಜನ ಕೈಕಟ್ಟಿ ಭಕ್ತಿಯಿಂದ ಕೂತರು.
ಅಷ್ಟು ಗಮನವಿಟ್ಟು ನಮ್ಮನ್ನು ಯಾರೂ ಕೇಳಿರಲಿಲ್ಲ,
ಮುಂದೂ ಕೇಳಲಿಲ್ಲ.

ಸ್ಟುಡಿಯೋದಲ್ಲಿ ಕಿವಿಗೆ ದೊಡ್ಡ ಬಟ್ಟಲು ಹಾಕಿಕೊಂಡ ಹುಡುಗ
ಹೇಳಿದ: ನೀವೆಲ್ಲ ಒಟ್ಟಿಗೇ ತಪ್ಪಿದ್ದೀರಿ ಮೇಡಂ,
ಎಲ್ಲರೂ ಒಂದೇ ಅಳತೆ ಕೆಳಗೆ.
ಮೇಲೆತ್ತಿದ. ಹಾಡುಗಳು ಇಸ್ತ್ರಿಯಾಗಿ ಬಂದವು,
ಮಡಿಕೆ ಸರಿಯಾಗಿತ್ತು, ಒಳಗೆ ಯಾರೂ ಇರಲಿಲ್ಲ.
ಇದನ್ನು ಆಗ ಹೇಳಿದವರು ಯಾರೂ ಇಲ್ಲ.
ಐದು ನೂರು ಸಿಡಿ. ಮಾರಿದ್ದು ನೂರ ಅರವತ್ತಮೂರು,
ದಾಮುವಿನ ಚಿಕ್ಕಪ್ಪ ಮರೆತು ಎರಡನೇ ಸಲ ಕೊಂಡದ್ದೂ ಸೇರಿ.

ಜಗಳ ಆಗಲಿಲ್ಲ. ಆಗಬಹುದಿತ್ತು.
ದಾಮು ತಾಂಡೇಲ ಪ್ರವಾಸಿ ಹಡಗು ಹತ್ತಿದ, ಆರು ತಿಂಗಳಿಗೊಮ್ಮೆ
ಬೇರೆಯವರ ಹಾಡು ನುಡಿಸಿ ದಪ್ಪಗಾಗಿ ಬರುತ್ತಾನೆ.
ಬುದ್ವಂತ ನೌಕಾನೆಲೆಯಲ್ಲಿ ಗುತ್ತಿಗೆಯ ಎಲೆಕ್ಟ್ರೀಶಿಯನ್ನು.
ಎಲಿಯಾಸ್ ಇಗರ್ಜಿಯ ಮಕ್ಕಳಿಗೆ ಹಾಡು ಕಲಿಸುತ್ತಾನೆ.
ಕೊನೆಯ ಕಾರ್ಯಕ್ರಮ ಇದು ಎಂದು ಯಾರೂ ಹೇಳಿರಲಿಲ್ಲ,
ಈಗ ಲೆಕ್ಕ ಹಾಕಿದರೆ ಅದು ಕುಮಟೆಯಲ್ಲಿ,
ಒಂದು ಮೊಬೈಲ್ ಅಂಗಡಿಯ ಉದ್ಘಾಟನೆ.

ಉಳಿದ ಸಿಡಿಗಳನ್ನು ದೊಡ್ಡಮ್ಮ
ಒಣಗುವ ಸೀಗಡಿಯ ಮೇಲೆ ದಾರ ಕಟ್ಟಿ ತೂಗಿಸಿದಳು.
ಗಾಳಿಗೆ ತಿರುಗುತ್ತವೆ, ಬಿಸಿಲು ಹಾಯಿಸುತ್ತವೆ,
ಕಾಗೆ ಹತ್ತಿರ ಸುಳಿಯುವುದಿಲ್ಲ.
ನಿಮ್ಮ ಹಾಡು ಒಳ್ಳೆಯದು, ಅನ್ನುತ್ತಾಳೆ. ಗಂಭೀರವಾಗಿಯೇ.

ಹೋದ ತಿಂಗಳು ಹೊಸ ಕಂಪ್ರೆಸರು ಬಂತು, ಸದ್ದೇ ಇಲ್ಲ.
ಹಳೆಯದನ್ನು ಗುಜರಿಯವನು ಎತ್ತುವ ಮೊದಲು
ತಡಿ ಎಂದು ಒಂದು ಸಲ ಚಾಲೂ ಮಾಡಿದೆ,
ನಲವತ್ತು ಸೆಕೆಂಡು ಫೋನಿನಲ್ಲಿ ಹಿಡಿದು
ಮೂವರಿಗೂ ಕಳಿಸಿದೆ. ಒಂದಕ್ಷರ ಬರೆಯಲಿಲ್ಲ.

ಬುದ್ವಂತ ಹೆಬ್ಬೆರಳು ತೋರಿಸಿದ.
ಎಲಿಯಾಸ್ ಕೇಳಿದ, ಗುರುತು ನೀಲಿಯಾಯಿತು, ಅಷ್ಟೇ.
ಮೂರು ದಿನ ಬಿಟ್ಟು, ಯಾವುದೋ ಸಮುದ್ರದಿಂದ, ದಾಮು:
ನಾಲ್ಕನೇ ಹಾಡು, ಎರಡನೇ ಚರಣ.
ಶೆವಂತಿ, ನೀನು ಅಲ್ಲಿ ಯಾವಾಗಲೂ ತಡ.